ಟೀವಿಯಿಂದ ಫೋನಿಗೆ, ಫೋನಿನಿಂದ ಕಟ್ಟೆಗೆ: ನೋಡುಗರೂ ಕೂಡಿ ಕಟ್ಟುವ ಎಂಟು ವಾರದ ಕಥಾಸರಣಿ

ಲೋಕಲ್ ಕೇಬಲ್ ಚಾನೆಲ್‌ನಲ್ಲಿ ವಾರಕ್ಕೊಂದರಂತೆ ಎಂಟು ಸಂಚಿಕೆ, ಪ್ರತಿ ಸಂಚಿಕೆ 22 ನಿಮಿಷ. ಕಥೆಯ ಒಂದು ಪಾಲು ಟೀವಿಯಲ್ಲಿ, ಒಂದು ಪಾಲು ವಾಟ್ಸಾಪ್‌ನಲ್ಲಿ, ಒಂದು ಪಾಲು ಯೂಟ್ಯೂಬ್‌ನಲ್ಲಿ, ಉಳಿದದ್ದು ಊರ ಕಟ್ಟೆಯ ಮೇಲೆ. ನೋಡುವವರು ಕಳಿಸಿದ ಮಾತಿನಿಂದ, ಫೋಟೋದಿಂದ, ಆಯ್ಕೆಯಿಂದ ಮುಂದಿನ ವಾರದ ಕಥೆ ನಿಜವಾಗಿಯೂ ಬದಲಾಗಬೇಕು. ಆರೇಳು ಜನರ ತಂಡ ಬಾಗಲಕೋಟೆ ಜಿಲ್ಲೆಯಲ್ಲಿ ಇದನ್ನು ಹೇಗೆ ಮಾಡಬಹುದು ಎಂಬುದೇ ಈ ಮಾರ್ಗದರ್ಶಿ. ವಿಜಯಪುರಕ್ಕೂ ಇದೇ ಕ್ರಮ ಸಲ್ಲುತ್ತದೆ. ಬೆಳಗಾವಿಯಲ್ಲಿ ಮಾಡುವವರು ಮರಾಠಿಯಲ್ಲಿ ಬರುವ ಸಂದೇಶಗಳನ್ನು ಕೇಳಿ ಉತ್ತರಿಸಬಲ್ಲ ಒಬ್ಬರನ್ನು ಮೊದಲ ದಿನದಿಂದಲೇ ತಂಡದಲ್ಲಿ ಇಟ್ಟುಕೊಳ್ಳಬೇಕು.

ಈ ನೆಲಕ್ಕೆ ಟೀವಿ ಬಂದದ್ದೇ ಕೂಡಿ ನೋಡುವ ರೂಪದಲ್ಲಿ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಡೆದ ‘ಸೈಟ್’ ಉಪಗ್ರಹ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಸಾರ್ವಜನಿಕ ಟೀವಿ ಸೆಟ್ ಕೊಡಲಾಗಿತ್ತು. ಕರ್ನಾಟಕದಲ್ಲಿ ಅದಕ್ಕೆ ಆಯ್ಕೆಯಾದ ಜಿಲ್ಲೆಗಳಲ್ಲಿ ಅಂದಿನ ಅವಿಭಜಿತ ವಿಜಯಪುರವೂ ಒಂದು, ಬಾಗಲಕೋಟೆ ಆಗ ಅದರೊಳಗೇ ಇತ್ತು. ಇಡೀ ಊರು ಒಂದು ಸೆಟ್ಟಿನ ಮುಂದೆ ಕೂತಿತು, ಆದರೆ ಮಾತು ಒಂದೇ ದಿಕ್ಕಿನಲ್ಲಿ ಹರಿಯಿತು. ಇವತ್ತು ಪ್ರತಿ ಮನೆಯಲ್ಲೂ ತಿರುಗಿ ಮಾತಾಡುವ ಸಾಧನವಿದೆ, ಮತ್ತು ಬಹುತೇಕ ಕಾರ್ಯಕ್ರಮಗಳು ಅದನ್ನು ‘ಲೈಕ್ ಮಾಡಿ, ಶೇರ್ ಮಾಡಿ’ ಎನ್ನುವುದಕ್ಕಷ್ಟೇ ಬಳಸುತ್ತಿವೆ. ಅದು ಪಾಲ್ಗೊಳ್ಳುವಿಕೆ ಅಲ್ಲ, ಜಾಹೀರಾತು.

ಹರದೇಶಿ-ನಾಗೇಶಿ ಹಾಡಿಕೆ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಂದು ಮೇಳ ಸವಾಲು ಹಾಕಿದರೆ ಇನ್ನೊಂದು ಮೇಳ ಅದೇ ಕಟ್ಟೆಯ ಮೇಲೆ, ಅದೇ ಜನರ ಮುಂದೆ ಜವಾಬು ಕೊಡಬೇಕು. ‘ನೋಡಿ ಹೇಳತೀವಿ’ ಎಂದರೆ ಜನ ಎದ್ದು ಹೋಗುತ್ತಾರೆ. ಕೇಳಿದ್ದಕ್ಕೆ ಕಾಣುವ ಹಾಗೆ, ಗೊತ್ತಾದ ಸಮಯದೊಳಗೆ ಜವಾಬು ಬರಬೇಕು. ಮುಂದೆ ಹೇಳುವ ಎಲ್ಲ ಏರ್ಪಾಟೂ ಇದೊಂದಕ್ಕಾಗಿ.

ಹೆಜ್ಜೆ 1: ತೂತಿರುವ ಕಥೆ ಆರಿಸಿ

ಪೂರ್ತಿ ಮುಗಿದ, ಎಲ್ಲೂ ಸಂದಿಲ್ಲದ ಕಥೆಯೊಳಗೆ ನೋಡುಗರು ಬರಲಾರರು. ತಂಡಕ್ಕೆ ಗೊತ್ತಿಲ್ಲದ, ಊರಿಗೆ ಗೊತ್ತಿರುವ ವಿಷಯ ಕಥೆಯಲ್ಲಿ ಇರಬೇಕು.

ಉದಾಹರಣೆಗೆ ಒಂದು ಎಳೆ ಇಟ್ಟುಕೊಳ್ಳೋಣ. ಹಿನ್ನೀರಿಗೆ ಮನೆ ಕಳೆದುಕೊಂಡವರಿಗಾಗಿ ಕಟ್ಟಿದ ನವನಗರದ ಹುಡುಗಿಯೊಬ್ಬಳಿಗೆ ತೀರಿಹೋದ ಅಜ್ಜಿಯ ಟ್ರಂಕಿನಲ್ಲಿ ಒಂದು ಹಳೆಯ ಕೀಲಿಕೈ ಸಿಗುತ್ತದೆ. ಅದರ ಮನೆ ಹಳೆ ಬಾಗಲಕೋಟೆಯಲ್ಲಿ, ಆಲಮಟ್ಟಿ ಹಿನ್ನೀರಿಗೆ ಹೋದ ಓಣಿಯೊಂದರಲ್ಲಿತ್ತು. ಆ ಓಣಿ ಯಾವುದು, ಮನೆಯಲ್ಲಿ ಯಾರಿದ್ದರು, ಟ್ರಂಕಿನ ಜೊತೆ ಇದ್ದ ಸಣ್ಣ ಪೆಟ್ಟಿಗೆಯಲ್ಲಿ ಏನಿದೆ ಎಂದು ಅವಳು ಹುಡುಕುತ್ತಾಳೆ. ಹುಡುಗಿ, ಅಜ್ಜಿ, ಪೆಟ್ಟಿಗೆ ಕಲ್ಪನೆ. ಓಣಿ, ಅಂಗಡಿ, ಬಾವಿ, ಹಬ್ಬದ ಸಾಲು ಊರಿನವರ ನೆನಪು. ಓಣಿಯ ಹೆಸರಿನಿಂದ ಗುರುತಿಸಿಕೊಳ್ಳುತ್ತಿದ್ದವರು ಸೆಕ್ಟರ್ ನಂಬರಿನಿಂದ ಗುರುತಿಸಿಕೊಳ್ಳುವಂತಾದ ಊರು ಇದು. ಹಾಗಾಗಿ ‘ನಿಮ್ಮ ಓಣಿ ಯಾವುದು’ ಎಂಬ ಸಾದಾ ಪ್ರಶ್ನೆಗೂ ಇಲ್ಲಿ ತೂಕವಿದೆ.

ನಿಮ್ಮ ಕಥೆ ಯಾವುದೇ ಇರಲಿ, ಒಂದು ಪರೀಕ್ಷೆ ಮಾಡಿ. ಕಥೆಯ ಸಾರವನ್ನು ಐದು ವಾಕ್ಯದಲ್ಲಿ ಬರೆದು, ತಂಡದ ಹೊರಗಿನ ಹತ್ತು ಜನರಿಗೆ ಓದಿ ಹೇಳಿ. ಅರವತ್ತು ದಾಟಿದವರು ಮೂವರಾದರೂ, ಮಗ್ಗದವರು ಇಬ್ಬರಾದರೂ, ಕಾಲೇಜು ಹುಡುಗಿಯರು ಇಬ್ಬರಾದರೂ ಅದರಲ್ಲಿರಲಿ. ಕೇಳಿದವರು ‘ಛಲೋ ಐತಿ’ ಎಂದು ಸುಮ್ಮನಾದರೆ ಆ ಕಥೆ ಟೀವಿಗೆ ಮಾತ್ರ ಸರಿ. ‘ಹಂಗಲ್ಲರಿ, ಆ ಕಾಲದಾಗ ಹಿಂಗಿತ್ತು’ ಎಂದು ತಿದ್ದಲು ಶುರುಮಾಡಿದರೆ ಕಥೆ ಸಿಕ್ಕಿತು ಎಂದುಕೊಳ್ಳಿ.

ಹೆಜ್ಜೆ 2: ಯಾವುದು ಯಾರ ಕೈಯಲ್ಲಿ, ಮೊದಲೇ ಬರೆದಿಡಿ

ಈ ಹೆಜ್ಜೆ ಹಾರಿಸಿದ ಸರಣಿಗಳು ನಾಲ್ಕನೇ ವಾರಕ್ಕೆ ಗೊಂದಲಕ್ಕೆ ಬೀಳುತ್ತವೆ. ಒಂದು ಹಾಳೆಯಲ್ಲಿ ಮೂರು ಮನೆ ಹಾಕಿ.

ಮೊದಲ ಮನೆ, ಬರಹಗಾರರ ಕೈಯಲ್ಲಿರುವುದು: ಪೆಟ್ಟಿಗೆಯಲ್ಲಿ ಏನಿದೆ, ಕಥೆ ಎಲ್ಲಿ ಮುಗಿಯುತ್ತದೆ, ಯಾರ ಜೀವಕ್ಕೆ ಏನಾಗುತ್ತದೆ. ಇದನ್ನು ಮತಕ್ಕೆ ಹಾಕಬೇಡಿ. ಎರಡನೆಯ ಮನೆ, ನೋಡುಗರ ಕೈಯಲ್ಲಿರುವುದು: ಹುಡುಗಿ ಮುಂದಿನ ವಾರ ಯಾರನ್ನು ಕೇಳಲು ಹೋಗುತ್ತಾಳೆ, ಅಮ್ಮನಿಗೆ ಹೇಳುತ್ತಾಳೋ ಮುಚ್ಚಿಡುತ್ತಾಳೋ. ಇಲ್ಲಿ ಬಹುಮತ ಬಂದದ್ದನ್ನು ತಂಡ ಮೀರುವಂತಿಲ್ಲ. ಮೂರನೆಯ ಮನೆ, ಇಬ್ಬರೂ ಸೇರಿ ತುಂಬುವುದು: ಅಜ್ಜಿ ಹಾಡುತ್ತಿದ್ದ ಬೀಸುವ ಪದ, ಮನೆಯ ಅಂಗಳದ ನಕ್ಷೆ, ಅವಳು ಉಡುತ್ತಿದ್ದ ಇಳಕಲ್ ಸೀರೆಯ ದಡಿ, ಗುಳೇದಗುಡ್ಡ ಖಣದ ಬಣ್ಣ. ಕಥೆ ಜಾಗ ಬಿಟ್ಟುಕೊಡುತ್ತದೆ, ಊರು ತಂದು ಇಡುತ್ತದೆ. ಮೂರರಲ್ಲೂ ಗಟ್ಟಿಯಾದದ್ದು ಈ ಮೂರನೆಯದೇ, ಏಕೆಂದರೆ ಮತ ಹಾಕಿದವರು ಮರೆಯುತ್ತಾರೆ, ತಮ್ಮ ಅವ್ವನ ಹಾಡು ಟೀವಿಯಲ್ಲಿ ಬಂದವರು ಮರೆಯುವುದಿಲ್ಲ.

ಕವಲುಗಳ ಲೆಕ್ಕ ಎಚ್ಚರದಿಂದ ಹಾಕಿ. ಎಂಟು ಸಂಚಿಕೆಯ ನಡುವೆ ಏಳು ಆಯ್ಕೆ ಬರುತ್ತವೆ. ಪ್ರತಿ ಸಲ ಎರಡೇ ದಾರಿ ಕೊಟ್ಟರೂ, ದಾರಿಗಳು ಮತ್ತೆ ಕೂಡದೆ ಹೋದರೆ 128 ಕೊನೆಗಳಾಗುತ್ತವೆ. ಆದ್ದರಿಂದ ಕವಲು ಒಡೆದು, ಅದೇ ಸಂಚಿಕೆಯ ಒಳಗೆ ಮತ್ತೆ ಕೂಡಬೇಕು. ಹುಡುಗಿ ಹಳೆಯ ಪೋಸ್ಟ್‌ಮನ್ ಕಾಕಾನ ಹತ್ತಿರ ಹೋದರೂ, ಬಳೆಗಾರ್ತಿ ಅಜ್ಜಿಯ ಹತ್ತಿರ ಹೋದರೂ, ಇಬ್ಬರೂ ಅವಳನ್ನು ಅದೇ ಹಳೆಯ ಮನೆಪಟ್ಟಿ ರಸೀದಿಗೆ ಮುಟ್ಟಿಸುತ್ತಾರೆ. ಆದರೆ ದಾರಿಯಲ್ಲಿ ಕೇಳಿದ ಮಾತು ಬೇರೆಯಾಗಿರಬೇಕು, ಮತ್ತು ಅದರ ನೆರಳು ಮುಂದಿನ ಸಂಚಿಕೆಗಳಲ್ಲಿ ಒಮ್ಮೆಯಾದರೂ ಬೀಳಬೇಕು. ಇಲ್ಲದಿದ್ದರೆ ನೋಡುವವರಿಗೆ ‘ಏನ್ ಹೇಳಿದ್ರೂ ಅಷ್ಟ’ ಎಂದು ಗೊತ್ತಾಗಿಬಿಡುತ್ತದೆ.

ಪ್ರತಿ ಕವಲಿಗೆ 3 ನಿಮಿಷದ ದೃಶ್ಯ ಎಂದಿಟ್ಟುಕೊಂಡರೆ, ಎರಡೂ ದಾರಿಗಳನ್ನು ಮುಂಚೆಯೇ ಚಿತ್ರಿಸಲು ಒಟ್ಟು 42 ನಿಮಿಷದ ದೃಶ್ಯ ಬೇಕು, ಅದರಲ್ಲಿ 21 ನಿಮಿಷ ಪ್ರಸಾರವಾಗುವುದಿಲ್ಲ. ಅದನ್ನು ‘ಆಗ ಆ ದಾರಿ ಹಿಡಿದಿದ್ದರೆ’ ಎಂದು ಯೂಟ್ಯೂಬ್‌ಗೆ ಹಾಕಿ. ಸೋತ ಕಡೆಗೆ ಮತ ಹಾಕಿದವರಿಗೂ ತಮ್ಮ ಪಾಲು ಸಿಕ್ಕಂತಾಗುತ್ತದೆ.

ಆಯ್ಕೆಗಳನ್ನು ಊರು, ಜಾತಿ, ಪಕ್ಷದ ಮೇಲೆ ಕಟ್ಟಬೇಡಿ. ‘ಜಮಖಂಡಿಗೆ ಹೋಗಲೋ, ಮುಧೋಳಕ್ಕೆ ಹೋಗಲೋ’ ಎಂದು ಕೇಳಿದರೆ ಜನ ಕಥೆಗೆ ಮತ ಹಾಕುವುದಿಲ್ಲ, ಊರಿಗೆ ಹಾಕುತ್ತಾರೆ.

ಹೆಜ್ಜೆ 3: ಯಾವ ಮಾಧ್ಯಮಕ್ಕೆ ಯಾವ ಪಾಲು

ಟೀವಿಯಲ್ಲಿ ಬಂದದ್ದನ್ನೇ ತುಂಡು ಮಾಡಿ ನಾಲ್ಕು ಕಡೆ ಹಂಚುವುದು ಬಹುಮಾಧ್ಯಮ ಕಥನವಲ್ಲ. ಒಂದೊಂದು ಮಾಧ್ಯಮವೂ ಅದರಿಂದ ಮಾತ್ರ ಆಗುವ ಕೆಲಸ ಮಾಡಬೇಕು. ಆದರೆ ಟೀವಿ ಮಾತ್ರ ನೋಡುವ ಅಜ್ಜನಿಗೂ ಕಥೆ ಪೂರ್ತಿ ಅರ್ಥವಾಗಬೇಕು. ಬೇರೆ ಕಡೆ ಸಿಗುವುದು ಹೆಚ್ಚಿನ ರುಚಿಯಾಗಿರಲಿ, ಅದಿಲ್ಲದೆ ಕಥೆ ಕುಂಟಬಾರದು.

ಟೀವಿಯ 22 ನಿಮಿಷ ಹೀಗೆ: ಹಿಂದಿನ ವಾರದ ನೆನಪು 1 ನಿಮಿಷ, ಕಥೆ 14, ನೋಡುಗರ ಧ್ವನಿ-ಫೋಟೋ 6, ಮುಂದಿನ ಪ್ರಶ್ನೆ 1. ನೋಡುಗರ ಭಾಗವನ್ನು ಕೊನೆಗೆ ತಳ್ಳಬೇಡಿ. ಹುಡುಗಿ ಓಣಿಯ ಬಗ್ಗೆ ಕೇಳಿದ ಕೂಡಲೇ ನಿಜವಾದ ಅಜ್ಜಿಯೊಬ್ಬರ ಧ್ವನಿ ಬರಲಿ, ಆಮೇಲೆ ಕಥೆ ಮುಂದುವರಿಯಲಿ.

ಪ್ರಸಾರಕ್ಕೆ ಸಂಜೆ 7ರಿಂದ 10ರ ಹೊತ್ತು ಬೇಡ, ಅದು ದೊಡ್ಡ ಚಾನೆಲ್‌ಗಳ ಧಾರಾವಾಹಿಯ ಹೊತ್ತು. ಭಾನುವಾರ ಬೆಳಿಗ್ಗೆ 11ಕ್ಕೆ ಮೊದಲ ಪ್ರಸಾರ, ಅದೇ ರಾತ್ರಿ 10ಕ್ಕೆ ಮತ್ತು ಮಂಗಳವಾರ ಮಧ್ಯಾಹ್ನ ಮರುಪ್ರಸಾರ ಇಟ್ಟರೆ ನಡೆಯುತ್ತದೆ. ಡಿಶ್ ಹಾಕಿಸಿಕೊಂಡ ಮನೆಗಳಿಗೆ ಲೋಕಲ್ ಕೇಬಲ್ ಚಾನೆಲ್ ಬರುವುದಿಲ್ಲ. ದುಡಿಯಲು ಗೋವಾ, ಮಂಗಳೂರು, ಪುಣೆಗೆ ಹೋದವರಿಗೂ ಬರುವುದಿಲ್ಲ. ಅವರಿಗಾಗಿ ಯೂಟ್ಯೂಬ್‌ನಲ್ಲಿ ಪೂರ್ತಿ ಸಂಚಿಕೆ ಹಾಕಿ, ಆದರೆ ಕೇಬಲ್ ಪ್ರಸಾರದ ಎರಡು ತಾಸು ನಂತರ. ಮೊದಲ ನೋಟ ತನ್ನದಾದರೆ ಆಪರೇಟರ್ ಕೂಡ ಮನಸ್ಸಿಟ್ಟು ಸಹಕರಿಸುತ್ತಾರೆ.

ವಾಟ್ಸಾಪ್ ಹುಡುಗಿಯ ದಿನಚರಿಯಾಗಲಿ. ವಾರದ ನಡುವೆ ಎರಡು ಸಲ, ಅವಳದೇ ಧ್ವನಿಯಲ್ಲಿ 60 ಸೆಕೆಂಡಿನ ಮಾತು: ‘ಇವತ್ತ ಬಳೆಗಾರ ಅಜ್ಜಿನ್ನ ಕೇಳಿದ್ನಿ, ಆಕಿ ಒಂದ್ ಹೆಸರ ಹೇಳಿದ್ಲು…’ ಕಥೆಯ ಪಾತ್ರ ನೋಡುಗರ ಫೋನಿಗೆ ಬಂದು ಮಾತಾಡುವ ಆಪ್ತತೆ ಟೀವಿಗೆ ಇಲ್ಲ.

ಇಳಕಲ್, ಗುಳೇದಗುಡ್ಡದ ಕೈಮಗ್ಗದವರಿಗಾಗಿ 5 ನಿಮಿಷದ ಕೇಳುವ ಆವೃತ್ತಿ ಮಾಡಿ. ಕುಣಿಮಗ್ಗದಲ್ಲಿ ಕೂತವರ ಕಣ್ಣು ನೂಲಿನ ಮೇಲಿರುತ್ತದೆ, ಕಿವಿ ಬಿಡುವಾಗಿರುತ್ತದೆ. ಆದರೆ ರಬಕವಿ-ಬನಹಟ್ಟಿಯ ಪವರ್‌ಲೂಮ್ ಶೆಡ್ಡಿನಲ್ಲಿ ಇದು ಕೇಳುವುದೇ ಇಲ್ಲ, ಅಲ್ಲಿಗೆ ಮಧ್ಯಾಹ್ನದ ಊಟದ ಹೊತ್ತಿಗೆ ಕಳಿಸಿ. ಹತ್ತಿರದಲ್ಲಿ ಸಮುದಾಯ ಬಾನುಲಿ ಇದ್ದರೆ, ಬೆಳಗಾವಿಯ ಕೆಎಲ್ಇ ವೇಣುಧ್ವನಿಯಂಥದ್ದು, ಈ 5 ನಿಮಿಷವನ್ನು ಅವರಿಗೂ ಕೊಡಬಹುದು. ಕಣ್ಣಿಗೆ ಕಾಣುವುದನ್ನು ಮಾತಿನಲ್ಲಿ ಹೇಳುವ ಹಾಗೆ ಅದನ್ನು ಬೇರೆಯೇ ಬರೆಯಬೇಕು. ಟೀವಿಯ ಸೌಂಡ್‌ಟ್ರ್ಯಾಕ್ ಕತ್ತರಿಸಿ ಕಳಿಸಿದರೆ ಕೇಳುವವರಿಗೆ ಅರ್ಧವೂ ತಿಳಿಯುವುದಿಲ್ಲ.

ಹೆಜ್ಜೆ 4: ಒಳಬರುವ ಬಾಗಿಲು

ಒಂದೇ ನಂಬರ್, ಎಂಟೂ ವಾರ. ಹೊಸ ಸಿಮ್ ತೆಗೆದು ವಾಟ್ಸಾಪ್ ಬಿಸಿನೆಸ್ ಹಾಕಿ. ತಂಡದ ಯಾರದೋ ಸ್ವಂತ ನಂಬರ್ ಕೊಟ್ಟರೆ ಸರಣಿ ಮುಗಿದ ಮೇಲೂ ಅವರಿಗೆ ನೆಮ್ಮದಿ ಇರುವುದಿಲ್ಲ. ಆ ಫೋನಿನ ಜೊತೆ ನಾಲ್ಕು ಸಾಧನಗಳನ್ನು ಜೋಡಿಸಬಹುದು, ಹಾಗಾಗಿ ಇಬ್ಬರು ಬೇರೆ ಬೇರೆ ಲ್ಯಾಪ್‌ಟಾಪ್‌ನಲ್ಲಿ ಕೂತು ಸಂದೇಶ ನೋಡಬಹುದು. ಲೇಬಲ್‌ಗಳನ್ನು ಮೊದಲೇ ಮಾಡಿಡಿ: ‘ಬಳಸಬಹುದು’, ‘ಒಪ್ಪಿಗೆ ಬಂದಿದೆ’, ‘ತಿರುಗಿ ಕರೆಯಬೇಕು’, ‘ಹಿರಿಯರು’, ‘ಪ್ರಸಾರವಾಯಿತು’.

ಗ್ರೂಪ್ ಮಾಡಬೇಡಿ. ಗ್ರೂಪಿನಲ್ಲಿ ಎಲ್ಲರ ನಂಬರ್ ಎಲ್ಲರಿಗೂ ಕಾಣುತ್ತದೆ. ಹೆಣ್ಣುಮಕ್ಕಳು ಅದೊಂದೇ ಕಾರಣಕ್ಕೆ ದೂರ ಉಳಿಯುತ್ತಾರೆ, ಮತ್ತು ಓಣಿಯ ನೆನಪು ಹೆಚ್ಚು ಇರುವುದೇ ಅವರ ಹತ್ತಿರ. ಹೊರಗೆ ಕಳಿಸಲು ವಾಟ್ಸಾಪ್ ಚಾನೆಲ್ ಬಳಸಿ, ಅಲ್ಲಿ ಹಿಂಬಾಲಿಸುವವರ ನಂಬರ್ ಒಬ್ಬರಿಗೊಬ್ಬರಿಗೆ ಕಾಣುವುದಿಲ್ಲ. ಮತವನ್ನೂ ಅಲ್ಲಿನ ಪೋಲ್‌ನಲ್ಲಿ ತೆಗೆದುಕೊಳ್ಳಬಹುದು. ಬ್ರಾಡ್‌ಕಾಸ್ಟ್ ಪಟ್ಟಿಯಲ್ಲಿ 256 ಜನರಷ್ಟೇ ಹಿಡಿಯುತ್ತಾರೆ, ಅದೂ ನಿಮ್ಮ ನಂಬರನ್ನು ತಮ್ಮ ಫೋನಿನಲ್ಲಿ ಉಳಿಸಿಕೊಂಡವರಿಗೆ ಮಾತ್ರ ತಲುಪುತ್ತದೆ. ‘ಕಳಿಸಿದೆವು, ಮುಟ್ಟಲಿಲ್ಲ’ ಎಂಬ ದೂರಿನ ಮೂಲ ಹೆಚ್ಚಾಗಿ ಇದೇ.

ಬರೆದು ಕಳಿಸಿ ಎನ್ನುವುದಕ್ಕಿಂತ ಮಾತಾಡಿ ಕಳಿಸಿ ಎನ್ನಿ. ಮೈಕಿನ ಗುರುತು ಒತ್ತಿ ಹಿಡಿದು ಮಾತಾಡುವುದನ್ನು ಮೊದಲ ಎರಡು ಸಂಚಿಕೆಯಲ್ಲಿ 20 ಸೆಕೆಂಡಿನ ದೃಶ್ಯವಾಗಿ ತೋರಿಸಿ. ಸಾದಾ ಫೋನ್ ಇರುವವರಿಗೆ ಮಿಸ್ಡ್ ಕಾಲ್ ಸಾಕು. ಸಂಜೆ 5ರಿಂದ 7ರವರೆಗೆ ಒಬ್ಬರು ಕೂತು ತಿರುಗಿ ಕರೆದು ರೆಕಾರ್ಡ್ ಮಾಡಲಿ, ರೆಕಾರ್ಡ್ ಆಗುತ್ತಿದೆ ಎಂದು ಮೊದಲ ಮಾತಿನಲ್ಲೇ ಹೇಳಲಿ. ತಾಸಿಗೆ 12 ಕರೆಗಿಂತ ಹೆಚ್ಚು ಯೋಜಿಸಬೇಡಿ, ಹಿರಿಯರ ಮಾತನ್ನು ನಡುವೆ ಕತ್ತರಿಸಲು ಬರುವುದಿಲ್ಲ, ಕತ್ತರಿಸಲೂ ಬಾರದು.

ಕೆಲಸದ ಹೊರೆ ಲೆಕ್ಕ ಹಾಕಿ. ಒಂದು ನಿಮಿಷದ ಧ್ವನಿಯನ್ನು ಕೇಳಿ, ದಾಖಲಿಸಿ, ಉತ್ತರಿಸಲು 4 ನಿಮಿಷ ಬೇಕು. ಇಬ್ಬರು ದಿನಕ್ಕೆ ಮೂರು ತಾಸು ಕೂತರೆ 90 ಸಂದೇಶ ಆಗುತ್ತದೆ. ಅದಕ್ಕಿಂತ ಹೆಚ್ಚು ಬರತೊಡಗಿದರೆ ಇನ್ನೊಬ್ಬರನ್ನು ಸೇರಿಸಿ, ಉತ್ತರ ನಿಲ್ಲಿಸಬೇಡಿ. ವಿಜಯಪುರದ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಂಥ ಕಡೆ ಪತ್ರಿಕೋದ್ಯಮ ಓದುವವರಿಗೆ ಇದು ಒಳ್ಳೆಯ ತರಬೇತಿ. ಪ್ರತಿ ಸಂದೇಶಕ್ಕೂ 24 ತಾಸಿನೊಳಗೆ ಮನುಷ್ಯರು ಉತ್ತರಿಸಬೇಕು. ಸ್ವಯಂಚಾಲಿತ ಸ್ವಾಗತ ಸಂದೇಶ ಒಂದು ಸಲಕ್ಕೆ ಮಾತ್ರ.

ಧ್ವನಿಗಳನ್ನು ಅಂದೇ ಇಳಿಸಿಕೊಂಡು ವಾರ, ಸರಣಿ ಸಂಖ್ಯೆ, ಊರು ಸೇರಿಸಿ ಹೆಸರಿಡಿ: ‘03-027-ಗುಳೇದಗುಡ್ಡ’. ನಾಳೆ ಮಾಡೋಣ ಎಂದರೆ ಆರನೇ ವಾರ ಬೇಕಾದ ಧ್ವನಿ ನೂರಾರು ಫೈಲುಗಳ ರಾಶಿಯಲ್ಲಿ ಸಿಗುವುದಿಲ್ಲ.

ಹೆಜ್ಜೆ 5: ಪ್ರಶ್ನೆ ಕೇಳುವ ಬಗೆ

‘ನಿಮ್ಮ ಅಭಿಪ್ರಾಯ ತಿಳಿಸಿ’ ಎಂದರೆ ‘ಕಾರ್ಯಕ್ರಮ ಚೆನ್ನಾಗಿದೆ’ ಎಂದು ಬರುತ್ತದೆ. ‘ಹಳೆ ಬಾಗಲಕೋಟೆ ನೆನಪು ಹಂಚಿಕೊಳ್ಳಿ’ ಎಂದರೂ ಅಷ್ಟೆ, ಎಲ್ಲಿಂದ ಶುರು ಮಾಡಬೇಕೆಂದು ತಿಳಿಯದೆ ಜನ ಸುಮ್ಮನಾಗುತ್ತಾರೆ. ಪ್ರಶ್ನೆ ಚಿಕ್ಕದಿರಬೇಕು, ಒಂದು ವಸ್ತುವಿನ ಮೇಲೆ ಕಾಲೂರಿರಬೇಕು, ಮತ್ತು ಕೇಳುವ ಕಾರಣ ಕಥೆಯಲ್ಲೇ ಇರಬೇಕು.

ಹುಡುಗಿ ಕ್ಯಾಮೆರಾ ನೋಡಿ ಕೇಳಲಿ: ‘ಅಜ್ಜಾರ, ಅಮ್ಮಾರ, ಈ ಕೀಲಿಕೈ ನೋಡ್ರಿ. ಇಂಥಾ ಕೀಲಿ ನಿಮ್ಮ ಮನ್ಯಾಗ ಯಾವ ಬಾಗಲಕ್ಕ ಹಾಕತಿದ್ರಿ?’ ಇದಕ್ಕೆ ಉತ್ತರ ಇದ್ದೇ ಇರುತ್ತದೆ, ಮತ್ತು ಬಾಗಿಲಿನಿಂದ ಶುರುವಾದ ಮಾತು ಮನೆಗೆ, ಮನೆಯಿಂದ ಓಣಿಗೆ ತಾನಾಗಿ ಹೋಗುತ್ತದೆ. ಎರಡನೇ ವಾರ: ‘ನೀರ ಎಲ್ಲಿಂದ ತರತಿದ್ರಿ?’ ಮೂರನೇ ವಾರ: ‘ಓಣ್ಯಾಗ ಮೊದಲ ಟೀವಿ ಯಾರ ಮನಿಗೆ ಬಂತ್ರಿ?’ ಐದನೇ ವಾರಕ್ಕಷ್ಟೇ ‘ಮನಿ ಬಿಟ್ಟು ಬರುವ ದಿನ ಏನ್ ಕಟ್ಟಿಕೊಂಡು ಬಂದ್ರಿ?’ ಎಂಬ ಭಾರದ ಪ್ರಶ್ನೆ. ಅದನ್ನು ಮೊದಲ ವಾರವೇ ಕೇಳಿದರೆ ನಂಬಿಕೆ ಹುಟ್ಟುವ ಮುಂಚೆಯೇ ಗಾಯ ಮುಟ್ಟಿದಂತೆ.

ನಂಬರನ್ನು ಪರದೆಯ ಮೇಲೆ ಕನಿಷ್ಠ 10 ಸೆಕೆಂಡು, ಸಂಚಿಕೆಯಲ್ಲಿ ಎರಡು ಸಲ ತೋರಿಸಿ. ಐದೈದು ಅಂಕಿಯಾಗಿ ಬಿಡಿಸಿ ಬಾಯಿಂದಲೂ ಹೇಳಿ, ಬರೆದುಕೊಳ್ಳುವಷ್ಟು ನಿಧಾನವಾಗಿ.

ಹೆಜ್ಜೆ 6: ವಾರದ ಓಟ

ಪ್ರಸಾರ ಶುರುವಾಗುವ ಮುಂಚೆ ಮೂರು ಸಂಚಿಕೆ ಚಿತ್ರೀಕರಣವಾಗಿರಲಿ, ಕೊನೆಯ ಎರಡರ ಬರಹ ಕರಡಾಗಿಯೇ ಉಳಿದಿರಲಿ. ಆಮೇಲೆ ಚಕ್ರ ಹೀಗೆ ತಿರುಗುತ್ತದೆ. ಭಾನುವಾರ ಪ್ರಸಾರ, ಪ್ರಶ್ನೆ. ಮಂಗಳವಾರದ ಮರುಪ್ರಸಾರ ನೋಡಿದವರಿಗೂ ಅವಕಾಶವಾಗುವಂತೆ ಅಂದು ರಾತ್ರಿ 9ಕ್ಕೆ ಮತ ಮುಕ್ತಾಯ. ಬುಧವಾರ ಬೆಳಿಗ್ಗೆ ತಂಡ ಕೂತು ಧ್ವನಿಗಳನ್ನು ಆರಿಸುತ್ತದೆ, ಮಧ್ಯಾಹ್ನ ಬರಹಗಾರರು ತಿದ್ದುತ್ತಾರೆ. ಗುರುವಾರ ಬಿಟ್ಟುಳಿದ ಚಿತ್ರೀಕರಣ. ಶುಕ್ರವಾರ, ಶನಿವಾರ ಮಧ್ಯಾಹ್ನದವರೆಗೆ ಎಡಿಟಿಂಗ್. ಶನಿವಾರ ಸಂಜೆ 6ಕ್ಕೆ ಫೈಲ್ ಕೇಬಲ್ ಕಂಟ್ರೋಲ್ ರೂಮಿಗೆ.

ಸೆಕೆಂಡಿಗೆ 8 ಮೆಗಾಬಿಟ್‌ನಂತೆ (8 ಎಂಬಿಪಿಎಸ್) ತೆಗೆದ 22 ನಿಮಿಷದ ಫೈಲ್ ಸುಮಾರು 1.3 ಜಿಬಿ ಆಗುತ್ತದೆ. ಎರಡು ಪೆನ್‌ಡ್ರೈವ್ ಒಯ್ಯಿರಿ, ಎಫ್ಎಟಿ32 ಫಾರ್ಮ್ಯಾಟ್‌ನಲ್ಲಿ ಇರಲಿ, ಏಕೆಂದರೆ ಕೇಬಲ್‌ನವರ ಹಳೆಯ ಪ್ಲೇಔಟ್ ಯಂತ್ರಗಳು, ಅಂದರೆ ಫೈಲ್ ಓಡಿಸಿ ಪ್ರಸಾರ ಮಾಡುವವು, ಬೇರೆಯದನ್ನು ಓದದೇ ಇರಬಹುದು. ಆದರೆ ಅದರಲ್ಲಿ 4 ಜಿಬಿಗಿಂತ ದೊಡ್ಡ ಫೈಲ್ ಕಾಪಿ ಆಗುವುದಿಲ್ಲ ಎಂಬುದು ನೆನಪಿರಲಿ. ಅಲ್ಲೇ ನಿಂತು ಮೊದಲ, ನಡುವಿನ, ಕೊನೆಯ ನಿಮಿಷ ಓಡಿಸಿ ನೋಡಿಯೇ ಹೊರಡಿ.

ಹೆಜ್ಜೆ 7: ಫೋನಿನ ದೃಶ್ಯ ಟೀವಿಗೆ ಬರುವಾಗ

ಫೋಟೋ, ವಿಡಿಯೋಗಳನ್ನು ವಾಟ್ಸಾಪ್‌ನಲ್ಲಿ ‘ಡಾಕ್ಯುಮೆಂಟ್’ ಆಗಿ ಕಳಿಸಲು ಹೇಳಿ. ಸಾಮಾನ್ಯವಾಗಿ ಕಳಿಸಿದರೆ ಅದು ಕುಗ್ಗಿ ಬರುತ್ತದೆ, 43 ಇಂಚಿನ ಪರದೆಯ ಮೇಲೆ ಮುಖವೇ ಕಲಸಿಹೋಗುತ್ತದೆ.

ಫೋನಿನ ವಿಡಿಯೋದಲ್ಲಿ ಫ್ರೇಮ್ ದರ, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರ ಎಂಬುದು, ಸಾಮಾನ್ಯವಾಗಿ ಒಂದೇ ಸಮ ಇರುವುದಿಲ್ಲ. ನೇರವಾಗಿ 25 ಫ್ರೇಮಿನ ಟೈಮ್‌ಲೈನ್‌ಗೆ ಹಾಕಿದರೆ ಎರಡು-ಮೂರು ನಿಮಿಷದಲ್ಲಿ ತುಟಿಗೂ ಮಾತಿಗೂ ತಾಳ ತಪ್ಪುತ್ತದೆ. ಎಡಿಟ್‌ಗೆ ಮುಂಚೆ ಹ್ಯಾಂಡ್‌ಬ್ರೇಕ್‌ನಂಥ ಉಚಿತ ಸಾಫ್ಟ್‌ವೇರ್‌ನಲ್ಲಿ ಸ್ಥಿರ ಫ್ರೇಮ್ ದರಕ್ಕೆ ಬದಲಿಸಿಕೊಳ್ಳಿ. ನೀವೇ ಚಿತ್ರಿಸುವಾಗ 25 ಫ್ರೇಮ್, ಶಟರ್ 1/50 ಇಡಿ. ನಮ್ಮ ವಿದ್ಯುತ್ 50 ಹರ್ಟ್ಸ್ ಆದ್ದರಿಂದ ಇದಕ್ಕೆ ಹೊಂದದ ವೇಗದಲ್ಲಿ ಟ್ಯೂಬ್‌ಲೈಟ್ ಮಿಣುಕಬಹುದು.

ಫೋನ್ ನಿಲ್ಲಿಸಿ ತೆಗೆದ ವಿಡಿಯೋ ಟೀವಿಯ ಅಗಲದ ಮೂರನೇ ಒಂದು ಪಾಲನ್ನೂ ತುಂಬುವುದಿಲ್ಲ. ಉಳಿದ ಜಾಗಕ್ಕೆ ಅದೇ ದೃಶ್ಯವನ್ನು ಮಬ್ಬು ಮಾಡಿ ಹರಡುವ ಚಾಳಿ ಬಿಡಿ. ಅಲ್ಲಿ ಮಾತಾಡುವವರ ಹೆಸರು, ಅಂದಿನ ಓಣಿ, ಇಂದಿನ ಸೆಕ್ಟರ್, ಓಣಿಯ ನಕ್ಷೆ ಇಡಿ. ಪರದೆಯ ಕೆಳಗಿನ 15 ಶೇಕಡಾ ಖಾಲಿ ಬಿಡಿ, ಏಕೆಂದರೆ ಲೋಕಲ್ ಚಾನೆಲ್‌ಗಳಲ್ಲಿ ಬಟ್ಟೆ ಅಂಗಡಿ, ಬಂಗಾರದ ಅಂಗಡಿಯ ಜಾಹೀರಾತಿನ ಪಟ್ಟಿ ಓಡುವುದು ಅಲ್ಲೇ. ನಿಮ್ಮ ಫೋನ್ ನಂಬರ್ ಅದರ ಕೆಳಗೆ ಮುಚ್ಚಿಹೋದರೆ ಆ ವಾರದ ಶ್ರಮವೆಲ್ಲ ಹೋದಂತೆ.

ಕನ್ನಡ ಅಕ್ಷರಕ್ಕೆ ಸಾಲಿನ ನಡುವೆ ಹೆಚ್ಚು ಜಾಗ ಬೇಕು. ಒತ್ತಕ್ಷರ ಕೆಳಗಿನ ಸಾಲಿನ ತಲೆಗಟ್ಟಿಗೆ ತಾಗಿದರೆ ಓದಲಾಗದು. ಅಕ್ಷರದ ಎತ್ತರದ ಒಂದೂವರೆಪಟ್ಟು ಸಾಲಿನ ಅಂತರ, ಸಾಲಿಗೆ ಐದಾರು ಪದ ಸಾಕು. ಧ್ವನಿಸಂದೇಶಗಳಿಗೆ ಕೆಳಬರಹ ಹಾಕಿ, ಆದರೆ ಆಡಿದ ಹಾಗೆಯೇ ಬರೆಯಿರಿ. ಅಜ್ಜಿ ‘ಹೋಗಿದ್ವಿ’ ಎಂದರೆ ಕೆಳಗೆ ‘ಹೋಗಿದ್ದೆವು’ ಎಂದು ತಿದ್ದುವುದು ಅವರ ಮಾತನ್ನು ಅವರದ್ದಲ್ಲವೆಂದು ಹೇಳಿದಂತೆ. ಎಲ್ಲ ಧ್ವನಿಗಳನ್ನೂ ಒಂದೇ ಗಟ್ಟಿತನಕ್ಕೆ ತನ್ನಿ, ಇಲ್ಲದಿದ್ದರೆ ನೋಡುವವರು ರಿಮೋಟ್ ಹಿಡಿದೇ ಕೂರಬೇಕಾಗುತ್ತದೆ.

ಹೆಜ್ಜೆ 8: ಕಥೆ ಯಾವುದು, ನೆನಪು ಯಾವುದು

ಕಲ್ಪನೆ ಮತ್ತು ನಿಜವಾದ ನೆನಪು ಒಂದೇ ಸಂಚಿಕೆಯಲ್ಲಿ ಹೆಣೆದುಕೊಂಡಾಗ ಗಡಿ ಕಾಣಿಸಲೇಬೇಕು. ಮೂಲೆಯಲ್ಲಿ ‘ಕಥೆ’ ಎಂದು ಒಂದು ಬಣ್ಣದಲ್ಲಿ, ‘ನೆನಪು’ ಎಂದು ಇನ್ನೊಂದು ಬಣ್ಣದಲ್ಲಿ ಎಂಟೂ ವಾರ ಇರಲಿ. ಇದು ಅಲಂಕಾರವಲ್ಲ. ಆಲಮಟ್ಟಿ ಜಲಾಶಯದ ಮಟ್ಟವನ್ನು 519.60 ಮೀಟರಿನಿಂದ 524.256 ಮೀಟರಿಗೆ ಏರಿಸುವ ವಿಷಯ ಇಲ್ಲಿ ಸಾವಿರಾರು ಮನೆಗಳ ನಾಳೆಯ ಪ್ರಶ್ನೆ. ಕಥೆಯ ಪಾತ್ರವೊಂದು ಪರಿಹಾರದ ಮೊತ್ತದ ಬಗ್ಗೆ ಆಡಿದ ಮಾತನ್ನು ಯಾರಾದರೂ ನಿಜವೆಂದು ನಂಬಿ ಕಚೇರಿಗೆ ಹೋದರೆ ಅದರ ಹೊಣೆ ತಂಡದ್ದು. ಪಾತ್ರಗಳ ಬಾಯಲ್ಲಿ ದರ, ದಿನಾಂಕ, ಆದೇಶ ಬರಬಾರದು. ನೋಡುಗರು ಪರಿಹಾರದ ಅಹವಾಲು ಕಳಿಸಿಯೇ ಕಳಿಸುತ್ತಾರೆ. ‘ಇದು ನಮ್ಮ ಕೈಯಲ್ಲಿಲ್ಲರಿ’ ಎಂದು ಅಂದೇ ನೇರವಾಗಿ ತಿಳಿಸಿ, ಯಾವ ಕಚೇರಿಯಲ್ಲಿ ಕೇಳಬೇಕೆಂದು ಹೇಳಿ. ಭರವಸೆ ಕೊಡಬೇಡಿ.

ಒಪ್ಪಿಗೆಯನ್ನು ಧ್ವನಿಯಲ್ಲೇ ಪಡೆಯಿರಿ: ‘ನಿಮ್ಮ ಮಾತು, ಹೆಸರು, ಊರು ಟೀವಿಯಾಗ, ಯೂಟ್ಯೂಬ್‌ನಾಗ ಬರತೈತಿ, ಒಪ್ಪಿಗಿ ಐತೇನ್ರಿ? ಆಮೇಲೆ ಬ್ಯಾಡ ಅನಿಸಿದ್ರ ಹೇಳ್ರಿ, ಯೂಟ್ಯೂಬ್‌ನಿಂದ ತೆಗಿತೀವಿ.’ 18 ತುಂಬದವರಿದ್ದರೆ ತಂದೆ ಅಥವಾ ತಾಯಿಯ ಒಪ್ಪಿಗೆ ಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ತಿರುಳೂ ಇದೇ: ಕೇಳಿ ತೆಗೆದುಕೊಳ್ಳಿ, ಹೇಳಿದ ಕೆಲಸಕ್ಕೆ ಮಾತ್ರ ಬಳಸಿ, ಬೇಡವೆಂದರೆ ಅಳಿಸಿ. ಬಂದ ನಂಬರುಗಳನ್ನು ಜಾಹೀರಾತುದಾರರಿಗೆ ಕೊಡುವುದು ಖಂಡಿತ ಬೇಡ.

ಕೇಬಲ್‌ನಲ್ಲಿ ಬರುವ ಎಲ್ಲವೂ 1995ರ ಕೇಬಲ್ ಟೆಲಿವಿಷನ್ ಕಾಯ್ದೆಯ ಕಾರ್ಯಕ್ರಮ ಸಂಹಿತೆಗೆ ಒಳಪಟ್ಟಿದೆ, ನೋಡುಗರು ಕಳಿಸಿದ್ದೂ ಅದರಲ್ಲಿ ಸೇರಿದೆ. ಪ್ರಸಾರವಾದ ರೂಪದ ಪ್ರತಿಯನ್ನು 90 ದಿನವಾದರೂ ಹಾಗೇ ಇಟ್ಟುಕೊಳ್ಳಿ. ಬಾದಾಮಿ, ಪಟ್ಟದಕಲ್ಲು, ಐಹೊಳೆ, ಗೋಲಗುಮ್ಮಟದಲ್ಲಿ ಚಿತ್ರೀಕರಿಸುವುದಾದರೆ ಪುರಾತತ್ವ ಸರ್ವೇಕ್ಷಣ ಇಲಾಖೆಯ ಅನುಮತಿಗೆ ಮುಂಚೆಯೇ ಅರ್ಜಿ ಹಾಕಿ. ನೋಡುಗರಿಂದ ಹಣ ಪಡೆದು ಚೀಟಿ ಎತ್ತಿ ಬಹುಮಾನ ಕೊಡುವ ಯೋಚನೆ ಬಂದರೆ ಅಲ್ಲೇ ಬಿಟ್ಟುಬಿಡಿ, ಅದು ಲಾಟರಿಯಾಗುತ್ತದೆ.

ಹೆಜ್ಜೆ 9: ಕಟ್ಟೆಗೆ ಇಳಿಯುವುದು

ಎಂಟು ವಾರದಲ್ಲಿ ಮೂರು ಸಲ ಜನರ ನಡುವೆ ಹೋಗಿ. ಎರಡನೇ ವಾರ ನವನಗರದ ಒಂದು ಸೆಕ್ಟರಿನಲ್ಲಿ, ಐದನೇ ವಾರ ಸಂತೆಯಲ್ಲಿ ಅಥವಾ ಮಗ್ಗದ ಓಣಿಯಲ್ಲಿ, ಎಂಟನೇ ವಾರ ಕೊನೆಯ ಸಂಚಿಕೆಯನ್ನು ದೊಡ್ಡ ಪರದೆಯಲ್ಲಿ. ಪುಷ್ಯ ಮಾಸದ ಬನಶಂಕರಿ ಜಾತ್ರೆಗೆ ಸರಣಿ ಹೊಂದಿಸಿಕೊಂಡರೆ ಇನ್ನೂ ಒಳ್ಳೆಯದು. ನಾಟಕ ಕಂಪನಿಗಳು ಬಿಡಾರ ಹೂಡುವ ಆ ಜಾತ್ರೆಗೆ ಬರುವವರು ಕಥೆ ನೋಡುವ ಮನಸ್ಸಿನಿಂದಲೇ ಬಂದಿರುತ್ತಾರೆ.

ಹೋಗುವಾಗ 8 ಅಡಿ ಅಗಲ, 6 ಅಡಿ ಎತ್ತರದ ಬಿಳಿ ಬಟ್ಟೆ ಒಯ್ಯಿರಿ. ಅದರ ಮೇಲೆ ನದಿ, ಸ್ಟೇಷನ್, ಒಂದೆರಡು ಮುಖ್ಯ ರಸ್ತೆ ಮಾತ್ರ ಬರೆದಿರಲಿ. ಉಳಿದದ್ದನ್ನು ಜನ ತುಂಬುತ್ತಾರೆ. ನಕ್ಷೆ ಪೂರ್ತಿ ಬರೆದುಕೊಂಡು ಹೋದರೆ ಜನ ನೋಡಿ ಹೋಗುತ್ತಾರೆ, ಕೈ ಹಾಕುವುದಿಲ್ಲ. ಒಂದೇ ಅಂಗಡಿಯನ್ನು ಇಬ್ಬರು ಎರಡು ಕಡೆ ತೋರಿಸಿದರೆ ಎರಡನ್ನೂ ಬರೆಯಿರಿ, ಬೇರೆ ಬೇರೆ ಬಣ್ಣದಲ್ಲಿ. ಆ ಭಿನ್ನಾಭಿಪ್ರಾಯವನ್ನೇ ಮುಂದಿನ ವಾರ ಟೀವಿಯಲ್ಲಿ ಕೇಳಿ, ಮೂರನೆಯವರು ಬಗೆಹರಿಸುತ್ತಾರೆ. ಜನ ತಂದು ತೋರಿಸುವ ಹಳೆಯ ಫೋಟೋಗಳನ್ನು ನಿಮ್ಮ ಜೊತೆ ಒಯ್ಯಬೇಡಿ, ಅಲ್ಲೇ ಫೋನಿನಲ್ಲಿ ಪ್ರತಿ ತೆಗೆದು ಆ ಕ್ಷಣವೇ ಕೈಗೆ ವಾಪಸ್ ಕೊಡಿ. ಗಾಜಿನ ಚೌಕಟ್ಟಿದ್ದರೆ ಬಯಲಿನಲ್ಲಿ ನೆರಳಿಗೆ ಹಿಡಿದು ಸ್ವಲ್ಪ ಓರೆಯಾಗಿ ತೆಗೆಯಿರಿ, ಇಲ್ಲದಿದ್ದರೆ ತೆಗೆಯುವವರ ಮುಖವೇ ಅದರಲ್ಲಿ ಮೂಡುತ್ತದೆ.

ಕೊನೆಯ ದಿನ ಫೋನಿನಿಂದ ಯೂಟ್ಯೂಬ್ ಲೈವ್ ಮಾಡುವ ಯೋಚನೆ ಇದ್ದರೆ ಚಾನೆಲ್‌ಗೆ ಕನಿಷ್ಠ 50 ಚಂದಾದಾರರು ಬೇಕು. ಮೊದಲ ಸಲ ಲೈವ್ ಸೌಲಭ್ಯ ಆನ್ ಆಗಲು 24 ತಾಸು ಹಿಡಿಯಬಹುದು, ಆದ್ದರಿಂದ ಮೊದಲ ವಾರವೇ ಆನ್ ಮಾಡಿಡಿ.

ಒಂದು ಕೆಲಸ ಮಾತ್ರ ಯಾವ ಕಾರಣಕ್ಕೂ ಮಾಡಬೇಡಿ. ‘ಹಿನ್ನೀರು ಇಳಿದಾಗ ಹೋಗಿ ಗುರುತು ಹುಡುಕಿ ಫೋಟೋ ಕಳಿಸಿ’ ಎಂದು ನೋಡುಗರನ್ನು ನೀರಿನ ಅಂಚಿಗೆ ಕಳಿಸಬೇಡಿ. ಮೇಲೆ ಒಣಗಿ ಬಿರುಕುಬಿಟ್ಟಂತೆ ಕಾಣುವ ಹೂಳು ಒಳಗೆ ಹಸಿಯಾಗಿರುತ್ತದೆ, ಕಾಲಿಟ್ಟರೆ ಹುಗಿಯುತ್ತದೆ. ಕೃಷ್ಣೆಯಲ್ಲಿ ಮೊಸಳೆಗಳಿವೆ. ಅಣೆಕಟ್ಟೆಯ ಸುತ್ತ ಡ್ರೋನ್ ಹಾರಿಸುವುದೂ ಬೇಡ.

ಎಲ್ಲಿ ಕೆಡುತ್ತದೆ

ಮೂರನೇ ವಾರಕ್ಕೆ ಸಂದೇಶ ಕಡಿಮೆಯಾದರೆ ಪ್ರಚಾರ ಹೆಚ್ಚಿಸಲು ಓಡಬೇಡಿ, ಹಿಂದಿನ ಎರಡು ಸಂಚಿಕೆ ಮತ್ತೆ ನೋಡಿ. ನೋಡುಗರು ಕೊಟ್ಟದ್ದು ಕಥೆಯಲ್ಲಿ ಎಲ್ಲಿ ಕಾಣಿಸಿದೆ? ಬರಿಯ ಹೆಸರು ಓದಿ ಧನ್ಯವಾದ ಹೇಳಿದ್ದರೆ ಕಾರಣ ಅಲ್ಲಿದೆ. ಹುಡುಗಿ ಆ ಹೆಸರನ್ನು ತನ್ನ ಪುಸ್ತಕದಲ್ಲಿ ಬರೆದುಕೊಳ್ಳಬೇಕು, ಆ ಹಾಡು ಅವಳ ಬಾಯಲ್ಲಿ ಬರಬೇಕು.

ನಾಲ್ಕೈದು ಜನರೇ ದಿನವೂ ಕಳಿಸುತ್ತಿದ್ದರೆ ಅವರನ್ನು ನಿಲ್ಲಿಸಬೇಡಿ, ಆದರೆ ಪರದೆಯ ಮೇಲೆ ಒಬ್ಬರ ಧ್ವನಿ ಎರಡು ವಾರಕ್ಕೊಮ್ಮೆ ಮಾತ್ರ ಎಂಬ ನಿಯಮ ಇಡಿ. ಆ ಉತ್ಸಾಹಿಗಳನ್ನೇ ಓಣಿಯ ಹಿರಿಯರ ಧ್ವನಿ ತೆಗೆದು ತರುವ ಕೆಲಸಕ್ಕೆ ಹಚ್ಚಿ. ಮತದಲ್ಲಿ ಸರಿಸಮ ಬಂದರೆ ತಂಡ ತೀರ್ಮಾನಿಸಬಾರದು, ಕಟ್ಟೆಯ ಮೇಲೆ ಕೈ ಎತ್ತಿಸಿ ಅದನ್ನೇ ತೋರಿಸಿ. ಬಂದ ಒಟ್ಟು ಮತ ಎಷ್ಟು ಎಂದು ಪ್ರತಿ ವಾರ ಹೇಳಿ, 41 ಬಂದಿದ್ದರೆ 41 ಎಂದೇ ಹೇಳಿ.

ಯೂಟ್ಯೂಬ್ ವೀಕ್ಷಣೆಯ ಅಂಕಿಗಿಂತ ಬೇರೆ ನಾಲ್ಕು ಲೆಕ್ಕ ಪ್ರತಿ ಶನಿವಾರ ಗೋಡೆಗೆ ಬರೆಯಿರಿ: ಈ ವಾರ ಮೊದಲ ಸಲ ಮಾತಾಡಿದವರು, ಎರಡನೇ ಸಲ ಬಂದವರು, ಹೆಣ್ಣುಮಕ್ಕಳು, 24 ತಾಸಿನೊಳಗೆ ಉತ್ತರ ಸಿಗದವರು. ಕೊನೆಯದು ಸೊನ್ನೆಯಲ್ಲದ ವಾರ ಹೊಸ ಪ್ರೋಮೋ ಮಾಡುವುದನ್ನು ಬಿಟ್ಟು ಮೊದಲು ಆ ಉತ್ತರಗಳನ್ನು ಮುಗಿಸಿ.

ಕೊನೆಯ ಸಂಚಿಕೆ ಆದ ಮೇಲೆ

ಎಂಟನೇ ಸಂಚಿಕೆಯ ಕೊನೆಗೆ ಧ್ವನಿ ಕೊಟ್ಟವರೆಲ್ಲರ ಹೆಸರು, ಅಂದಿನ ಓಣಿ ಸಮೇತ ನಿಧಾನವಾಗಿ ಮೇಲೇರಲಿ. ಒಂದು ಸಾಲು ಓದಲು 3 ಸೆಕೆಂಡು ಕೊಡಿ, 120 ಹೆಸರಿದ್ದರೆ 6 ನಿಮಿಷ ಬೇಕಾಗುತ್ತದೆ. ಅಷ್ಟು ಹೊತ್ತು ತೆಗೆದಿಡಿ, ಮನೆಮಂದಿ ಅದಕ್ಕಾಗಿಯೇ ಕಾಯುತ್ತಿರುತ್ತಾರೆ. ಧ್ವನಿ, ಫೋಟೋ, ನಕ್ಷೆಯ ಎರಡು ಪ್ರತಿ ಎರಡು ಹಾರ್ಡ್‌ಡಿಸ್ಕ್‌ನಲ್ಲಿ ಬೇರೆ ಬೇರೆ ಜಾಗದಲ್ಲಿ ಇರಲಿ, ಒಪ್ಪಿಗೆಯ ಧ್ವನಿಯೂ ಅದರ ಜೊತೆಗೇ. ಬಟ್ಟೆಯ ನಕ್ಷೆಯನ್ನು ಊರಿನವರು ನೋಡಬಹುದಾದ ಗ್ರಂಥಾಲಯಕ್ಕೋ ಶಾಲೆಗೋ ಕೊಡಿ.

ಆ ಫೋನ್ ನಂಬರನ್ನು ಆರು ತಿಂಗಳು ಚಾಲೂ ಇಡಿ, ರೀಚಾರ್ಜಿನ ಹಣವನ್ನು ಬಜೆಟ್ಟಿನಲ್ಲಿ ಮೊದಲೇ ತೆಗೆದಿಟ್ಟು. ದುಡಿಯಲು ಹೊರಗೆ ಹೋದವರು ಸಂಚಿಕೆಯನ್ನು ತಡವಾಗಿ ನೋಡುತ್ತಾರೆ, ಊರಿಗೆ ಬಂದಾಗ ಅವ್ವನನ್ನು ಕೇಳಿ ಆಮೇಲೆ ಕಳಿಸುತ್ತಾರೆ. ವಾರಕ್ಕೊಮ್ಮೆ ಒಬ್ಬರು ಅರ್ಧ ತಾಸು ಕೂತು ಅವಕ್ಕೆ ಉತ್ತರಿಸಲಿ.